ಮ್ಯೂಸಿಯಂ ಕರೆಯುವ ‘ಸಮುದಾಯ’ದಲ್ಲಿ ಯಾರಿದ್ದಾರೆ?

ಬ್ರಿಟನ್ನಿನ ಕಲಾ ಸಂಗ್ರಹಾಲಯಗಳು ಈಗ ನಮ್ಮನ್ನು ಕರೆಯುತ್ತಿವೆ. ಬಂದು ನೋಡಿಕೊಂಡು ಹೋಗಿ ಎಂದಷ್ಟೇ ಕರೆಯುತ್ತಿಲ್ಲ. ತಮ್ಮ ಗಾಜಿನ ಕಪಾಟುಗಳಲ್ಲಿರುವ ವಸ್ತುಗಳ ಬಗ್ಗೆ ಮಾತನಾಡಿ, ವಿವರಣಾ ಫಲಕಗಳನ್ನು ಬರೆಯಲು ನೆರವಾಗಿ, ಮಕ್ಕಳಿಗೆ ಕಥೆ ಹೇಳಿ, ಹಬ್ಬದ ದಿನ ಅಂಗಳದಲ್ಲಿ ಹಾಡಿ ಕುಣಿಯಿರಿ ಎಂದು ಕರೆಯುತ್ತಿವೆ. ‘ಅಸ್ಮಿತೆ’, ‘ಪರಂಪರೆ’, ‘ಸಮುದಾಯ’ ಎಂಬ ಮೂರು ಪದಗಳು ಕಾಣಿಸದ ಕಾರ್ಯಕ್ರಮ ಪಟ್ಟಿಯನ್ನು ಇತ್ತೀಚಿನ ವರ್ಷಗಳಲ್ಲಿ ಹುಡುಕುವುದೇ ಕಷ್ಟ. ನಮ್ಮ ಕನ್ನಡ ಸಂಘಗಳಿಗೂ ಇಂಥ ಮಿಂಚಂಚೆಗಳು ಬರುತ್ತವೆ. ನಾವು ಸಂತೋಷದಿಂದಲೇ ಒಪ್ಪಿಕೊಳ್ಳುತ್ತೇವೆ.

ಈ ಕರೆಯನ್ನು ನಾನು ಅನುಮಾನದಿಂದ ತಳ್ಳಿಹಾಕುವವನಲ್ಲ. ಒಂದೂವರೆ ಶತಮಾನ ನಮ್ಮ ಬಗ್ಗೆ ನಮ್ಮನ್ನು ಕೇಳದೆಯೇ ಮಾತನಾಡಿದ ಸಂಸ್ಥೆಗಳು ಈಗಲಾದರೂ ಕೇಳುತ್ತಿರುವುದು ಸಣ್ಣ ಬದಲಾವಣೆಯಲ್ಲ. ಆದರೆ ಕರೆಗೆ ಓಗೊಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಮೊದಲನೆಯದು, ನಾವು ಹೇಳಿದ್ದರಲ್ಲಿ ಏನು ಗೋಡೆಯ ಮೇಲೆ ಉಳಿಯುತ್ತದೆಂದು ನಿರ್ಧರಿಸುವವರು ಯಾರು? ಎರಡನೆಯದು, ಹೇಳುತ್ತಿರುವ ಆ ‘ನಾವು’ ಯಾರು? ಮೊದಲನೆಯ ಪ್ರಶ್ನೆಯನ್ನು ಪ್ರಗತಿಪರರಾದ ನಾವು ಧೈರ್ಯವಾಗಿ ಕೇಳುತ್ತೇವೆ, ಏಕೆಂದರೆ ಅದರ ಉತ್ತರ ಬಿಳಿಯರ ಸಂಸ್ಥೆಯನ್ನು ಕಟಕಟೆಗೆ ತರುತ್ತದೆ. ಎರಡನೆಯದು ನಮ್ಮ ಮನೆಬಾಗಿಲಿಗೇ ಬಂದು ನಿಲ್ಲುವುದರಿಂದ ಅದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದು ಅರ್ಧ ಪ್ರಾಮಾಣಿಕತೆ ಎಂಬುದು ನನ್ನ ವಾದ.

ಮೊದಲಿಗೆ ಹಿನ್ನೆಲೆಯನ್ನು ನೆನಪಿಸಿಕೊಳ್ಳೋಣ. ನಮ್ಮನ್ನು ಕೇಳದೆಯೇ ನಮ್ಮನ್ನು ಅರಿಯುವ ಕೆಲಸ ಎಷ್ಟು ಕ್ರಮಬದ್ಧವಾಗಿ ನಡೆದಿತ್ತು ಎಂಬುದಕ್ಕೆ 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಸಿದ್ಧಪಡಿಸಿದ ಭಾರತೀಯ ಬಟ್ಟೆಗಳ ಮಾದರಿ ಸಂಪುಟಗಳೇ ಸಾಕ್ಷಿ. 18 ಸಂಪುಟಗಳು, ಅವುಗಳಲ್ಲಿ 700 ಬಟ್ಟೆಯ ತುಂಡುಗಳು. ಸೀರೆ, ರುಮಾಲು, ಪಂಚೆ, ಮಸ್ಲಿನ್ ಇವೆಲ್ಲವನ್ನೂ ಕತ್ತರಿಸಿ, ಅಂಟಿಸಿ, ಉದ್ದ ಅಗಲ ತೂಕ ಬೆಲೆಗಳನ್ನು ನಮೂದಿಸಲಾಗಿತ್ತು. ಇಂಥ 20 ಪ್ರತಿಗಳು ತಯಾರಾದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಹೋದವು. ಒಂದೊಂದು ಪ್ರತಿಯೂ ಒಂದೊಂದು ಕೈಗಾರಿಕಾ ಮ್ಯೂಸಿಯಂ ಎಂಬುದು ವಾಟ್ಸನ್ನನ ಕಲ್ಪನೆ. ಭಾರತೀಯರು ಏನು ಉಡುತ್ತಾರೆಂದು ಲ್ಯಾಂಕಾಶೈರಿನ ಗಿರಣಿ ಮಾಲೀಕರು ತಿಳಿದು, ಅದನ್ನೇ ಅಗ್ಗದಲ್ಲಿ ನೆಯ್ದು ಮಾರಲಿ ಎಂಬುದು ಉದ್ದೇಶ. ಆ ತುಂಡುಗಳ ಪಕ್ಕದಲ್ಲಿ ಬೆಲೆಯಿದೆ, ನೇಯ್ದವರ ಹೆಸರಿಲ್ಲ.

ಅದೇ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದೆ ಮ್ಯಾಂಚೆಸ್ಟರಿನ ಗಿರಣಿಗಳು ನಿಂತಾಗ ಅವುಗಳ ಕಣ್ಣು ಬಿದ್ದದ್ದು ಧಾರವಾಡದ ಕಪ್ಪು ನೆಲದ ಮೇಲೆ. ‘ಧಾರವಾಡ-ಅಮೆರಿಕನ್’ ಎಂಬ ಹತ್ತಿಯ ತಳಿ ಅಲ್ಲಿ ಆಗಲೇ ಬೇರೂರಿತ್ತು. ಅದನ್ನು ಘಟ್ಟದಿಂದ ಇಳಿಸಲು ರಸ್ತೆ ಬೇಕು, ಹಡಗಿಗೇರಿಸಲು ಕಾರವಾರದಲ್ಲಿ ಬಂದರು ಬೇಕು ಎಂದು ಮ್ಯಾಂಚೆಸ್ಟರಿನ ವರ್ತಕರು ಸರ್ಕಾರದ ಮೇಲೆ ಒತ್ತಡ ಹೇರಿದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ರಾಜಕಾರಣದ ನೆರಳಿದೆ. ಹೀಗೆ ಮ್ಯಾಂಚೆಸ್ಟರ್ ಎಂಬ ನಗರ ಕನ್ನಡಿಗರಿಗೆ ದೂರದ ಊರಲ್ಲ. ನಮ್ಮ ಭೂಗೋಳವನ್ನು ತಿದ್ದಿದ ಕೈಗಳಲ್ಲಿ ಅದರದ್ದೂ ಒಂದು.

ಬರ್ಮಿಂಗ್‌ಹ್ಯಾಮಿನ ಕಥೆ ಲೋಹದ್ದು. ಆ ನಗರದ ಮ್ಯೂಸಿಯಂ ಮತ್ತು ಕಲಾ ಗ್ಯಾಲರಿಯಲ್ಲಿ ಎರಡು ಮೀಟರಿಗೂ ಎತ್ತರದ, 500 ಕಿಲೋಗ್ರಾಮಿಗೂ ಹೆಚ್ಚು ತೂಕದ ತಾಮ್ರದ ಬುದ್ಧ ನಿಂತಿದ್ದಾನೆ. 1861-62ರ ಸುಮಾರಿನಲ್ಲಿ ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ ರೈಲು ಮಾರ್ಗದ ಕೆಲಸ ನಡೆಯುವಾಗ ನೆಲದಡಿಯಿಂದ ಎದ್ದುಬಂದ ಮೂರ್ತಿಯಿದು. ರೈಲ್ವೆಗೆ ಕಬ್ಬಿಣದ ಸಾಮಾನು ಒದಗಿಸುತ್ತಿದ್ದ, ಒಮ್ಮೆ ಬರ್ಮಿಂಗ್‌ಹ್ಯಾಮಿನ ಮೇಯರ್ ಆಗಿದ್ದ ಸ್ಯಾಮ್ಯುಯೆಲ್ ಥಾರ್ನ್‌ಟನ್ 200 ಪೌಂಡು ಕೊಟ್ಟು ಅದನ್ನು ತರಿಸಿ, ಇನ್ನೂ ಹುಟ್ಟಬೇಕಿದ್ದ ನಗರದ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದ. ಇಂದಿನ ಮ್ಯೂಸಿಯಂ ಕಟ್ಟಡ 1885ರದ್ದು. ಉದ್ಯಮದ ಗಳಿಕೆಯಿಂದ ಕಲೆಯನ್ನು ಪೋಷಿಸುತ್ತೇವೆ ಎಂಬ ಅರ್ಥದ ಮಾತನ್ನು ಅದರ ಕಲ್ಲಿನಲ್ಲಿ ಕೆತ್ತಲಾಗಿದೆ. ಮಾತು ಸತ್ಯ. ಆ ಗಳಿಕೆ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ಈ ಹಿನ್ನೆಲೆಯಲ್ಲಿ ಈಗಿನ ಬದಲಾವಣೆಯನ್ನು ಅಳೆಯಬೇಕು. 2023ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಮ್ಮಿನ ಸಹಯೋಗದಲ್ಲಿ ತೆರೆದ ದಕ್ಷಿಣ ಏಷ್ಯಾ ಗ್ಯಾಲರಿ ಇಂಥ ಪ್ರಯತ್ನಗಳಲ್ಲಿ ಅತ್ಯಂತ ಗಂಭೀರವಾದದ್ದು. ದಕ್ಷಿಣ ಏಷ್ಯಾದ ವಲಸಿಗರ ಅನುಭವವನ್ನೇ ವಸ್ತುವಾಗಿಸಿಕೊಂಡ ಬ್ರಿಟನ್ನಿನ ಮೊದಲ ಕಾಯಂ ಗ್ಯಾಲರಿ ಅದು. ಮುಖ್ಯ ಸಂಗತಿಯೆಂದರೆ ಅದನ್ನು ರೂಪಿಸಿದವರು ಮ್ಯೂಸಿಯಮ್ಮಿನ ತಜ್ಞರು ಮಾತ್ರವಲ್ಲ. ಶಿಕ್ಷಕರು, ಕಲಾವಿದರು, ಪತ್ರಕರ್ತರು, ಸಂಗೀತಗಾರರು, ಸಮುದಾಯ ಕಾರ್ಯಕರ್ತರು ಸೇರಿದ ಮೂವತ್ತು ಮಂದಿಯ ಒಂದು ಬಳಗ. ಅಲ್ಲಿ ರಾಜವಂಶಗಳ ಅನುಕ್ರಮದಲ್ಲಿ ಇತಿಹಾಸ ಸಾಗುವುದಿಲ್ಲ. ಹಳೆಯ ಶಿಲ್ಪವೊಂದರ ನೆರೆಯಲ್ಲಿ ಯಾರದೋ ತಾತನ ವಲಸೆಯ ನೆನಪಿದೆ. ಬಾಂಗ್ಲಾದೇಶದಿಂದ ಬಂದ ರಿಕ್ಷಾವನ್ನು ಮ್ಯಾಂಚೆಸ್ಟರಿನ ನಿವಾಸಿಗಳು ಅಲಂಕರಿಸಿದ್ದಾರೆ. ಸಾಮ್ರಾಜ್ಯ, ವಿಭಜನೆ, ವಲಸೆಗಳನ್ನು ಸಿಂಗ್ ಟ್ವಿನ್ಸ್ ಎಂದೇ ಪ್ರಸಿದ್ಧರಾದ ಅವಳಿ ಕಲಾವಿದೆಯರು ಗೋಡೆಯುದ್ದಕ್ಕೂ ಚಿತ್ರಿಸಿದ್ದಾರೆ. ‘ಅವರು’ ಎಂಬ ಸರ್ವನಾಮದಲ್ಲಿ ಬರೆಯುತ್ತಿದ್ದ ಫಲಕ ‘ನಾನು’ ಎಂದು ಬರೆಯತೊಡಗಿದಾಗ ಕೇವಲ ವ್ಯಾಕರಣ ಬದಲಾಗುವುದಿಲ್ಲ. ಆ ಗ್ಯಾಲರಿಯಲ್ಲಿ ನಿಂತ ವಲಸಿಗರ ಮಗುವಿಗೆ ತನ್ನ ಅಡುಗೆಮನೆಯ ಮಾತೂ ಇತಿಹಾಸವೇ ಎಂಬ ಅರಿವಾಗುತ್ತದೆ. ಇದನ್ನು ಹೀಗಳೆಯುವವರು ಆ ಮಗುವಿನ ಜಾಗದಲ್ಲಿ ನಿಂತು ನೋಡಬೇಕು.

ಮ್ಯಾಂಚೆಸ್ಟರ್ ಮ್ಯೂಸಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟಿದೆ. 2019ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳಿಗೆ 43 ಪವಿತ್ರ ವಸ್ತುಗಳನ್ನು, 2023ರಲ್ಲಿ ಅನಿಂಡಿಲ್ಯಾಕ್ವಾ ಜನರಿಗೆ 174 ವಸ್ತುಗಳನ್ನು ಅದು ಮರಳಿಸಿತು. ಗ್ಲಾಸ್ಗೋ ನಗರದ ಮ್ಯೂಸಿಯಮ್ಮುಗಳು 2022ರ ಆಗಸ್ಟಿನಲ್ಲಿ ಏಳು ವಸ್ತುಗಳ ಒಡೆತನವನ್ನು ಭಾರತಕ್ಕೆ ವರ್ಗಾಯಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಮಾತುಕತೆ ವಸ್ತುವಿನ ಒಡೆತನದವರೆಗೂ ಹೋಗಬಲ್ಲದು ಎಂಬುದಕ್ಕೆ ಇವು ಉದಾಹರಣೆಗಳು. ಆದರೆ ಇವೆರಡೂ ವಿಶ್ವವಿದ್ಯಾಲಯ ಅಥವಾ ನಗರಸಭೆಯ ಸಂಸ್ಥೆಗಳೆಂಬುದನ್ನು ಗಮನಿಸಬೇಕು. ಬ್ರಿಟಿಷ್ ಮ್ಯೂಸಿಯಮ್ಮಿಗೆ 1963ರ ಕಾಯ್ದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ 1983ರ ಕಾಯ್ದೆ ತಮ್ಮ ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ಕಟ್ಟುಹಾಕಿವೆ. ಅಲ್ಲಿ ‘ನಿಮ್ಮ ಪರಂಪರೆಯ ಬಗ್ಗೆ ಮಾತನಾಡೋಣ ಬನ್ನಿ’ ಎಂಬ ಆಹ್ವಾನಕ್ಕೆ ಒಂದು ಅಲಿಖಿತ ಷರತ್ತಿದೆ: ಎಲ್ಲವನ್ನೂ ಮಾತನಾಡಬಹುದು, ಅದು ಯಾರದು ಎಂಬ ಒಂದನ್ನು ಬಿಟ್ಟು.

ಇನ್ನು ನಿರ್ಧಾರದ ಅಧಿಕಾರದ ಪ್ರಶ್ನೆ. ಬರ್ಮಿಂಗ್‌ಹ್ಯಾಮಿನ ಅದೇ ಮ್ಯೂಸಿಯಂ 2017ರಲ್ಲಿ ‘ದಿ ಪಾಸ್ಟ್ ಈಸ್ ನೌ’ ಎಂಬ ಪ್ರದರ್ಶನ ನಡೆಸಿತು. ನಗರಕ್ಕೂ ಬ್ರಿಟಿಷ್ ಸಾಮ್ರಾಜ್ಯಕ್ಕೂ ಇದ್ದ ಸಂಬಂಧ ಅದರ ವಸ್ತು. ಮ್ಯೂಸಿಯಂ ಹೊರಗಿನ ಆರು ಮಂದಿ ಮಹಿಳೆಯರನ್ನು ಸಹ-ಕ್ಯುರೇಟರುಗಳಾಗಿ ಕರೆಯಿತು. ಫಲಕಗಳ ಭಾಷೆ ನೇರವಾಗಿತ್ತು, ಹಲವರಿಗೆ ಕಸಿವಿಸಿಯಾಗುವಷ್ಟು ನೇರ. ಆ ಆರು ಮಂದಿಯಲ್ಲಿ ಒಬ್ಬರಾದ ಸುಮಯಾ ಕಾಸಿಮ್ ಅದೇ ವರ್ಷ ಬರೆದ, ಮ್ಯೂಸಿಯಂ ವಸಾಹತುಶಾಹಿಯಿಂದ ಬಿಡುಗಡೆಗೊಳ್ಳಲಾರದು ಎಂಬ ಅರ್ಥದ ಶೀರ್ಷಿಕೆಯ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಅವರ ಆತಂಕದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಸಂಸ್ಥೆ ತನ್ನನ್ನು ಬದಲಿಸಿಕೊಳ್ಳದೆಯೇ, ಬದಲಾದಂತೆ ಕಾಣಿಸಿಕೊಳ್ಳಲು ನಮ್ಮ ಮೈಬಣ್ಣವನ್ನೂ ದುಡಿಮೆಯನ್ನೂ ಬಳಸಿಕೊಳ್ಳಬಹುದು. ಪ್ರದರ್ಶನ ಮುಗಿಯುತ್ತದೆ, ಸಹ-ಕ್ಯುರೇಟರುಗಳು ಮನೆಗೆ ಹೋಗುತ್ತಾರೆ, ಕಾಯಂ ಹುದ್ದೆಗಳಲ್ಲಿರುವವರು ಕಾಯಂ ಆಗಿಯೇ ಇರುತ್ತಾರೆ.

ನಾನು ಈ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಸಂಸ್ಥೆಗಳು ಬದಲಾಗುವುದೇ ಇಲ್ಲವೆಂದರೆ ಗ್ಲಾಸ್ಗೋ, ಮ್ಯಾಂಚೆಸ್ಟರುಗಳ ಸಂಗತಿಗೆ ವಿವರಣೆ ಸಿಗುವುದಿಲ್ಲ. ಆದರೆ ಆತಂಕ ಆಧಾರರಹಿತವಲ್ಲ. 2021ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರಿನ ವಿಟ್‌ವರ್ತ್ ಕಲಾ ಗ್ಯಾಲರಿಯಲ್ಲಿ ಫೊರೆನ್ಸಿಕ್ ಆರ್ಕಿಟೆಕ್ಚರ್ ಬಳಗದ ಪ್ರದರ್ಶನದೊಂದಿಗೆ ಇದ್ದ, ಪ್ಯಾಲೆಸ್ತೀನಿಯರಿಗೆ ಬೆಂಬಲ ಸೂಚಿಸುವ ಹೇಳಿಕೆಯೊಂದನ್ನು ದೂರುಗಳು ಬಂದ ಮೇಲೆ ತೆಗೆಯಲಾಯಿತು. ಕಲಾವಿದರು ಪ್ರದರ್ಶನವನ್ನೇ ಮುಚ್ಚಬೇಕೆಂದು ಪಟ್ಟುಹಿಡಿದ ಮೇಲೆ ಮರಳಿ ಇಡಲಾಯಿತು. ಮರುವರ್ಷ ಗ್ಯಾಲರಿಯ ನಿರ್ದೇಶಕರು ಹುದ್ದೆ ಬಿಡಬೇಕಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಸಮುದಾಯದ ದನಿಗೆ ಬಾಗಿಲು ತೆರೆದಿಡುವ ಗ್ಯಾಲರಿಗಳಲ್ಲಿ ಆ ದನಿ ಎಲ್ಲಿಯವರೆಗೆ ಸ್ವಾಗತಾರ್ಹ ಎಂಬುದರ ಗಡಿಗೆರೆ ಇಂಥ ಘಟನೆಗಳಲ್ಲಿ ಗೋಚರವಾಗುತ್ತದೆ.

ಹಣದ ಮಾತೂ ಇಲ್ಲಿಯೇ ಬರುತ್ತದೆ. 2021ರ ಜನಗಣತಿಯ ಪ್ರಕಾರ ಬರ್ಮಿಂಗ್‌ಹ್ಯಾಮಿನ ಜನಸಂಖ್ಯೆಯ ಶೇಕಡ 51.4ರಷ್ಟು ಮಂದಿ ಜನಾಂಗೀಯ ಅಲ್ಪಸಂಖ್ಯಾತ ಹಿನ್ನೆಲೆಯವರು. ಅಂದರೆ ಅಲ್ಲಿ ‘ಸಮುದಾಯ ಕಾರ್ಯಕ್ರಮ’ ಎಂಬುದು ಅಂಚಿನಲ್ಲಿರುವ ಕೆಲವರಿಗೆ ಮಾಡುವ ಉಪಕಾರವಲ್ಲ, ನಗರದ ಬಹುಪಾಲಿಗೆ ಸಲ್ಲಬೇಕಾದ ಸೇವೆ. ಅದೇ ನಗರಸಭೆ 2023ರ ಸೆಪ್ಟೆಂಬರಿನಲ್ಲಿ ತನ್ನ ಬೊಕ್ಕಸ ಬರಿದಾಗಿದೆಯೆಂದು ಸೆಕ್ಷನ್ 114ರ ನೋಟಿಸು ಹೊರಡಿಸಿತು. ಕಲೆ, ಸಂಸ್ಕೃತಿಗಳ ಅನುದಾನಕ್ಕೆ ಕತ್ತರಿ ಬಿತ್ತು. ಇಂಥ ಕಾಲದಲ್ಲಿ ಯೋಜನಾ ನಿಧಿಯ ಮೇಲೆ ಒಂದೆರಡು ವರ್ಷಕ್ಕೆಂದು ನೇಮಕವಾದ ಸಮುದಾಯ ಸಂಪರ್ಕದ ಸಿಬ್ಬಂದಿ ಮೊದಲು ಹೋಗುತ್ತಾರೆ. ಅವರೊಂದಿಗೆ ಕಟ್ಟಿದ ನಂಬಿಕೆಯೂ ಹೋಗುತ್ತದೆ. ಹೊಸ ನಿಧಿ ಬಂದಾಗ ಹೊಸಬರು ಬಂದು ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾರೆ.

ಇಷ್ಟು ಮ್ಯೂಸಿಯಮ್ಮಿನ ಹೊಣೆಯ ಮಾತು. ಈಗ ನಮ್ಮದು.

‘ದಕ್ಷಿಣ ಏಷ್ಯಾ ಸಮುದಾಯ’ ಎಂಬುದು ಮ್ಯೂಸಿಯಮ್ಮಿಗೆ ಅನುಕೂಲಕರವಾದ ಪದ. ನಮಗೂ ಅನುಕೂಲಕರ. ಆ ಪದದಡಿ ಲಾಹೋರಿನವರೂ ಜಾಫ್ನಾದವರೂ ಸಿಲ್ಹೆಟ್ಟಿನವರೂ ಹುಬ್ಬಳ್ಳಿಯವರೂ ಒಂದಾಗುತ್ತೇವೆ. ಜನಾಂಗೀಯತೆಯ ಎದುರು ಆ ಒಗ್ಗಟ್ಟಿಗೆ ಅರ್ಥವಿದೆ. ಆದರೆ ಅದೇ ಪದದಡಿ ಜಾತಿ ಕಾಣೆಯಾಗುತ್ತದೆ. ಬ್ರಿಟನ್ನಿನ ಕಾನೂನೂ ಈ ಕಾಣೆಯಾಗುವಿಕೆಗೆ ನೆರವಾಗಿದೆ. 2010ರ ಸಮಾನತಾ ಕಾಯ್ದೆಯಲ್ಲಿ ಜಾತಿಯನ್ನು ಜನಾಂಗದ ಒಂದು ಅಂಶವಾಗಿ ಸೇರಿಸಲು ಅವಕಾಶವಿತ್ತು. 2013ರಲ್ಲಿ ಸಂಸತ್ತು ಅದನ್ನು ಸರ್ಕಾರದ ಕರ್ತವ್ಯವಾಗಿಸಿತು. ಐದು ವರ್ಷಗಳ ನಂತರ, 2018ರ ಜುಲೈಯಲ್ಲಿ, ಸರ್ಕಾರ ತಾನು ಹಾಗೆ ಮಾಡುವುದಿಲ್ಲ, ನ್ಯಾಯಾಲಯಗಳ ತೀರ್ಪುಗಳೇ ಸಾಕು ಎಂದಿತು. ಈ ಹಿಂಜರಿತದ ಹಿಂದೆ ನಮ್ಮದೇ ಕೆಲವು ಸಂಘಟನೆಗಳ ಪ್ರಬಲ ವಿರೋಧವಿತ್ತೆಂಬುದು ಗುಟ್ಟಲ್ಲ. ಬ್ರಿಟನ್ನಿನಲ್ಲಿ ಜಾತಿಯೇ ಇಲ್ಲ, ಅದರ ಮಾತೆತ್ತಿದರೆ ಹೊಸದಾಗಿ ಹುಟ್ಟಿಸಿದಂತಾಗುತ್ತದೆ ಎಂಬುದು ಅವುಗಳ ವಾದ. ಅದೇ ದೇಶದ ಕಾರ್ಮಿಕ ನ್ಯಾಯಮಂಡಳಿ ಆದಿವಾಸಿ ಗೃಹಕಾರ್ಮಿಕ ಮಹಿಳೆಯೊಬ್ಬರ ಮೊಕದ್ದಮೆಯನ್ನು ಆಲಿಸಿ 2015ರಲ್ಲಿ ಆಕೆಗೆ ದೊಡ್ಡ ಮೊತ್ತದ ಬಾಕಿ ವೇತನ ಕೊಡಿಸಿತ್ತು.

ನಾನು ಭಾಗವಹಿಸಿದ ಇಂಥ ಒಂದು ಸಮಾಲೋಚನಾ ಸಭೆಯಲ್ಲಿ, ಮನೆಯ ಪೂಜಾ ಸಾಮಗ್ರಿಗಳ ಬಗ್ಗೆ ಫಲಕ ಬರೆಯುವಾಗ, ದೇವಸ್ಥಾನದೊಳಗೆ ಬಿಡದವರ ಮನೆಯ ದೇವರ ಬಗ್ಗೆಯೂ ಒಂದು ಸಾಲಿರಲಿ ಎಂದು ಯುವತಿಯೊಬ್ಬಳು ಸೂಚಿಸಿದಳು. ಯಾರೂ ವಿರೋಧಿಸಲಿಲ್ಲ. ‘ಇದು ಸಂಭ್ರಮದ ಪ್ರದರ್ಶನ, ವಿವಾದ ಬೇಡ’ ಎಂದು ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು, ಎಲ್ಲರೂ ತಲೆಯಾಡಿಸಿದರು, ಮ್ಯೂಸಿಯಮ್ಮಿನ ಸಿಬ್ಬಂದಿ ‘ಸಮುದಾಯದ ಒಮ್ಮತ’ ಎಂದು ಟಿಪ್ಪಣಿ ಮಾಡಿಕೊಂಡರು. ಅವರನ್ನು ನಾನು ದೂರುವುದಿಲ್ಲ. ಸಭೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಒಂದೇ ಬಗೆಯ ಮನೆಗಳಿಂದ ಬಂದವರೆಂದು ಅವರಿಗೆ ತಿಳಿಯುವ ದಾರಿಯಿರಲಿಲ್ಲ. ನಮಗೆ ತಿಳಿದಿತ್ತು.

ನಾವು ಪರಂಪರೆಯೆಂದು ಮ್ಯೂಸಿಯಮ್ಮಿಗೆ ಒಯ್ಯುವುದೇನು ಎಂದು ಒಮ್ಮೆ ಪಟ್ಟಿ ಮಾಡಿ ನೋಡಿ: ಭರತನಾಟ್ಯ, ರಂಗೋಲಿ, ರೇಷ್ಮೆ ಸೀರೆ, ವೀಣೆ, ದೀಪ, ಸಸ್ಯಾಹಾರದ ತಿನಿಸು. ಇವು ಸುಂದರವಾದವು, ನನಗೂ ಪ್ರಿಯವಾದವು. ಆದರೆ ತಮಟೆ ಎಲ್ಲಿ? ಕಂಬಳಿ ನೇಯುವ ಕೈ ಎಲ್ಲಿ? ಎಲ್ಲಮ್ಮನ ಚೌಡಿಕೆ ಎಲ್ಲಿ? ದಖನಿ ಉರ್ದುವಿನ ಮನೆಮಾತು, ಮಂಗಳೂರಿನ ಕೊಂಕಣಿ ಇಗರ್ಜಿಯ ಹಾಡು ಎಲ್ಲಿ? ನಾವು ಊರಿನಲ್ಲಿ ಬಿಟ್ಟುಬಂದ ಊಟದ ಪಂಕ್ತಿಯನ್ನು ಇಲ್ಲಿ ಗ್ಯಾಲರಿಯೊಳಗೆ ಮತ್ತೆ ಹಾಸುತ್ತಿದ್ದೇವೆ. ವ್ಯತ್ಯಾಸವಿಷ್ಟೆ: ಈ ಬಾರಿ ಬಾಗಿಲಲ್ಲಿ ‘ಎಲ್ಲರಿಗೂ ಸ್ವಾಗತ’ ಎಂಬ ಫಲಕವಿದೆ.

ಲಂಡನ್ನಿನ ಎರಡು ಸ್ಮಾರಕಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ, ಸಂಸತ್ ಭವನದ ಎದುರು ದಿಕ್ಕಿನಲ್ಲಿ, ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದೇ ದಿನ, ಅದೇ ಪ್ರಧಾನಿಯಿಂದ, ಉತ್ತರ ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯೂ ಸ್ಮಾರಕವಾಗಿ ಉದ್ಘಾಟನೆಗೊಂಡಿತು. 1921-22ರಲ್ಲಿ ಅಂಬೇಡ್ಕರ್ ವಿದ್ಯಾರ್ಥಿಯಾಗಿ ವಾಸವಾಗಿದ್ದ ಮನೆಯದು. ಆ ಮನೆಯನ್ನು ಮ್ಯೂಸಿಯಂ ಆಗಿ ಉಳಿಸಿಕೊಳ್ಳಲು ಮುಂದೆ ವರ್ಷಗಟ್ಟಲೆ ಹೋರಾಟ ನಡೆಯಬೇಕಾಯಿತು: ನೆರೆಹೊರೆಯ ಆಕ್ಷೇಪ, 2018ರಲ್ಲಿ ಸ್ಥಳೀಯ ಆಡಳಿತದ ನಿರಾಕರಣೆ, ಸಾರ್ವಜನಿಕ ವಿಚಾರಣೆ, ಕೊನೆಗೆ 2020ರ ಮಾರ್ಚ್‌ನಲ್ಲಿ ಅನುಮತಿ. ಬಸವಣ್ಣನ ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಂಡ ಕನ್ನಡಿಗರು ಅಸಂಖ್ಯ. ಅವರಲ್ಲಿ ಎಷ್ಟು ಮಂದಿ ಆ ಇನ್ನೊಂದು ಮನೆಯ ಮೆಟ್ಟಿಲು ಹತ್ತಿದ್ದಾರೆ? ಬಸವಣ್ಣನನ್ನು ಕನ್ನಡದ ಹೆಮ್ಮೆಯಾಗಿ ಒಪ್ಪಿಕೊಳ್ಳುವುದು ಸುಲಭ. ಜಾತಿಯ ವಿರುದ್ಧ ಮಾತನಾಡಿದವನಾಗಿ ಒಪ್ಪಿಕೊಂಡರೆ ಎರಡೂ ವಿಳಾಸಗಳಿಗೆ ಹೋಗಬೇಕಾಗುತ್ತದೆ.

ನಮ್ಮ ‘ನಾವು’ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ನನಗೆ ತೋಚುವ ಅತ್ಯುತ್ತಮ ವಸ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ: ಟಿಪ್ಪುವಿನ ಹುಲಿ. ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿಯ ಗರ್ಜನೆ, ಬಿದ್ದವನ ಆಕ್ರಂದನ. ಪಕ್ಕೆಯೊಳಗೆ ಪುಟ್ಟ ಆರ್ಗನ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಪಾಲಾಗಿ ಲಂಡನ್ನಿಗೆ ಬಂತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನ ಅದರ ಹಿಡಿ ತಿರುಗಿಸಿ ರಂಜನೆ ಪಡೆದರು. ಇದರ ಬಗ್ಗೆ ಮಾತನಾಡಲು ಕನ್ನಡ ಸಮುದಾಯವನ್ನು ಕರೆದರೆ ಯಾರು ಹೋಗಬೇಕು? ಕಂಪನಿಯ ವಿರುದ್ಧ ಹೋರಾಡುತ್ತ ಸತ್ತ ಅರಸನೆಂದು ಅವನನ್ನು ನೆನೆಯುವವರೇ? 1784ರ ಸೆರೆಯ ನೆನಪನ್ನು ಇಂದಿಗೂ ಉಳಿಸಿಕೊಂಡಿರುವ ಮಂಗಳೂರಿನ ಕ್ಯಾಥೊಲಿಕರೇ? ಕೊಡವರೇ? ಮರಾಠರ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ 1791ರಲ್ಲಿ ಟಿಪ್ಪು ಕಳಿಸಿದ ನೆರವನ್ನು ಎತ್ತಿಹೇಳುವವರೇ? ಕರ್ನಾಟಕ ಸರ್ಕಾರವೇ 2015ರಲ್ಲಿ ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಬಂದ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ವಿಧಾನಸೌಧಕ್ಕೇ ಇಲ್ಲದ ಒಮ್ಮತವನ್ನು ಲಂಡನ್ನಿನ ಸಭೆಯೊಂದು ಎರಡು ಗಂಟೆಗಳಲ್ಲಿ ತಯಾರಿಸಿಕೊಟ್ಟರೆ ಅದು ಸುಳ್ಳೇ ಆಗಿರುತ್ತದೆ. ಈ ಎಲ್ಲರ ಮಾತುಗಳೂ ಅಕ್ಕಪಕ್ಕ ನಿಲ್ಲುವ ಫಲಕ ಮಾತ್ರ ಆ ಹುಲಿಗೆ ನ್ಯಾಯ ಒದಗಿಸಬಲ್ಲದು. ಪರಂಪರೆ ಎಂದರೆ ಹಂಚಿಕೊಂಡ ಹೆಮ್ಮೆಯಷ್ಟೇ ಅಲ್ಲ, ಹಂಚಿಕೊಂಡ ಜಗಳವೂ ಹೌದು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಅದನ್ನು ಹಗುರವಾಗಿ ಕಾಣಬಾರದು. ‘ಮನೆಯ ಜಗಳವನ್ನು ಬಿಳಿಯರ ಅಂಗಳಕ್ಕೆ ಒಯ್ಯುವುದೇಕೆ? 2024ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಮಸೀದಿಗಳ ಮೇಲೆ, ಆಶ್ರಯ ಕೋರಿ ಬಂದವರಿದ್ದ ಹೋಟೆಲುಗಳ ಮೇಲೆ ದಾಳಿಗಳು ನಡೆದಾಗ ದಾಳಿಕೋರರು ಯಾರ ಜಾತಿಯನ್ನೂ ಕೇಳಲಿಲ್ಲ. ನಮ್ಮ ಒಡಕುಗಳನ್ನು ತೋರಿಸಿದರೆ ವಲಸಿಗರನ್ನು ಹೀಯಾಳಿಸುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ?’ ಈ ಭಯ ನಿಜವಾದದ್ದು. ಚರ್ಮದ ಬಣ್ಣಕ್ಕಾಗಿ ಬಸ್ಸಿನಲ್ಲಿ ಬೈಗುಳ ಕೇಳಿದ ಯಾರೂ ಇದನ್ನು ತಳ್ಳಿಹಾಕಲಾರರು.

ಆದರೆ ಈ ವಾದವನ್ನು ಕೊನೆಯವರೆಗೆ ಅನುಸರಿಸಿ ನೋಡೋಣ. ಜನಾಂಗೀಯತೆಯ ಎದುರು ಒಗ್ಗಟ್ಟಾಗಿರಲು ದಲಿತ ಸಹೋದ್ಯೋಗಿ ತನ್ನ ಅನುಭವವನ್ನು ನುಂಗಿಕೊಳ್ಳಬೇಕು. ಸೊಸೆಯಾಗಿ ಬಂದು ವೀಸಾದ ಭಯದಲ್ಲಿ ಬದುಕಿದವಳು ಮೌನವಾಗಿರಬೇಕು. ಮುಸ್ಲಿಂ ಕನ್ನಡಿಗ ತಾನು ಸಂಘದ ಕಾರ್ಯಕ್ರಮಗಳಿಗೆ ಏಕೆ ಬರುವುದಿಲ್ಲವೆಂದು ಹೇಳಬಾರದು. ಅಂದರೆ ಒಗ್ಗಟ್ಟಿನ ಬೆಲೆಯನ್ನು ಯಾವಾಗಲೂ ಕೆಳಗಿದ್ದವರೇ ತೆರಬೇಕು. ಇಂಥ ಒಗ್ಗಟ್ಟು ಕಷ್ಟಕಾಲದಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅದರಲ್ಲಿ ಅರ್ಧ ಮಂದಿಗೆ ನಂಬಿಕೆಯಿರುವುದಿಲ್ಲ. ಇನ್ನೊಂದು ಮಾತು: ನಮ್ಮನ್ನು ಬಿರುಕಿಲ್ಲದ, ಬದಲಾಗದ ‘ಸಂಸ್ಕೃತಿ’ಯೊಂದರ ಮಾದರಿಗಳಾಗಿ ಕಂಡದ್ದು ಫೋರ್ಬ್ಸ್ ವಾಟ್ಸನ್ನನ ಸಂಪುಟಗಳು. ತಮ್ಮೊಳಗೆ ವಾದಿಸುವ, ತಪ್ಪುಗಳನ್ನು ಎದುರಿಸುವ, ಬದಲಾಗುವ ಜನರಾಗಿ ಕಾಣಿಸಿಕೊಳ್ಳುವುದು ಆ ನೋಟಕ್ಕೆ ನಾವು ಕೊಡಬಹುದಾದ ನೇರ ಉತ್ತರ.

ಹಾಗಾದರೆ ಏನು ಕೇಳಬೇಕು? ನನ್ನ ಬೇಡಿಕೆಗಳು ದೊಡ್ಡವಲ್ಲ, ಆದರೆ ನಿರ್ದಿಷ್ಟವಾದವು. ಮ್ಯೂಸಿಯಮ್ಮುಗಳಿಂದ ನಾಲ್ಕು. ಒಂದು, ನಮ್ಮ ಜ್ಞಾನ ಮತ್ತು ಸಮಯಕ್ಕೆ ಸಂಬಳವಿರಲಿ. ಕಾಫಿ ಮತ್ತು ಪ್ರಯಾಣದ ಖರ್ಚು ಸಂಬಳವಲ್ಲ. ಎರಡು, ನಾವು ಬರೆದ ಫಲಕವನ್ನು ತಿದ್ದುವವರು ಯಾರು, ಏಕೆ ತಿದ್ದಿದರು ಎಂಬುದು ಲಿಖಿತವಾಗಿ ನಮಗೆ ತಿಳಿಯಲಿ. ಮೂರು, ಭಿನ್ನಾಭಿಪ್ರಾಯ ಬಂದಾಗ ಒಮ್ಮತವನ್ನು ಬಲವಂತವಾಗಿ ತಯಾರಿಸದೆ ಎರಡೂ ಮಾತುಗಳನ್ನು ಗೋಡೆಗೆ ಹಾಕಲಿ. ನಾಲ್ಕು, ದೊಡ್ಡ ಸಂಘಗಳ ಅಧ್ಯಕ್ಷರಿಗೆ ಒಂದು ಮಿಂಚಂಚೆ ಕಳಿಸಿ ‘ಸಮುದಾಯವನ್ನು ಸಂಪರ್ಕಿಸಿದ್ದೇವೆ’ ಎನ್ನುವ ಬದಲು ಅಂಬೇಡ್ಕರ್‌ವಾದಿ ಬಳಗಗಳು, ರವಿದಾಸಿಯಾ ಸಭೆಗಳು, ಮಹಿಳಾ ಆಶ್ರಯ ಕೇಂದ್ರಗಳು, ಆಸ್ಪತ್ರೆ ಮತ್ತು ಆರೈಕೆ ಗೃಹಗಳ ಕಾರ್ಮಿಕರು ಇವರನ್ನು ಪ್ರತ್ಯೇಕವಾಗಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಕರೆಯಲಿ. ವಾರದ ದಿನ ಮಧ್ಯಾಹ್ನ ಎರಡು ಗಂಟೆಯ ಸಭೆಗೆ ಯಾರು ಬರಬಲ್ಲರೆಂದು ಯೋಚಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ತಿಳಿಯುತ್ತದೆ.

ನಮ್ಮಿಂದ ನಾನು ಕೇಳುವುದು ಇನ್ನೂ ಸರಳ. ಮುಂದಿನ ಬಾರಿ ಕರೆ ಬಂದಾಗ, ಹೋಗುವವರ ಪಟ್ಟಿಯನ್ನು ನೋಡಿ ‘ಇಲ್ಲಿ ಯಾರಿಲ್ಲ?’ ಎಂದು ಕೇಳೋಣ. ನೃತ್ಯ ಪ್ರದರ್ಶನಕ್ಕೆ ಮೀಸಲಾದ ಹಣದಲ್ಲಿ ಒಂದು ಪಾಲನ್ನು ಓದುವ ಕೆಲಸಕ್ಕೆ ಇಡೋಣ. ಬ್ರಿಟಿಷ್ ಲೈಬ್ರರಿಯಂಥ ಸಂಸ್ಥೆಗಳಲ್ಲಿ ಕನ್ನಡದ ಹಸ್ತಪ್ರತಿಗಳಿವೆ. ಮ್ಯೂಸಿಯಮ್ಮುಗಳಲ್ಲಿ ಬೀದರಿನ ಬಿದರಿ ಪಾತ್ರೆಗಳಿವೆ. ಸತುವಿನ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಆ ಕಸುಬನ್ನು ಇಂದಿಗೂ ಮಾಡುತ್ತಿರುವ ಕುಟುಂಬಗಳಿವೆ. ಹದಿನೇಳನೆಯ ಶತಮಾನದ ಹುಕ್ಕಾ ಬುಡದ ಪಕ್ಕದಲ್ಲಿ ಅದನ್ನು ಕೊಟ್ಟವರ ಹೆಸರಿರುತ್ತದೆ, ಮಾಡಿದವರ ಹೆಸರಿರುವುದಿಲ್ಲ. ಆ ಹೆಸರು ಈಗ ಸಿಗಲಾರದು. ಆದರೆ ಆ ಕಸುಬಿನ ಇಂದಿನ ಮಾತನ್ನು ಬೀದರಿನಿಂದಲೇ ತಂದು ಅಲ್ಲಿ ಸೇರಿಸಬಹುದು. ಪರದೇಶದ ಕನ್ನಡಿಗರು ಮಾಡಬಲ್ಲ ಕೆಲಸವದು, ಏಕೆಂದರೆ ಎರಡೂ ಕಡೆಯ ಭಾಷೆ ನಮಗೆ ಗೊತ್ತು. 2025ರ ಮೇ ತಿಂಗಳಲ್ಲಿ ಪೂರ್ವ ಲಂಡನ್ನಿನಲ್ಲಿ ತೆರೆದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಯಾರು ಬೇಕಾದರೂ ಮೊದಲೇ ಕೇಳಿಕೊಂಡು ಐದು ವಸ್ತುಗಳವರೆಗೆ ತರಿಸಿ ಹತ್ತಿರದಿಂದ ನೋಡಬಹುದು. ಸಂಶೋಧಕರಾಗಿರಬೇಕಿಲ್ಲ, ಪತ್ರ ಬೇಕಿಲ್ಲ. ಈ ಬಾಗಿಲನ್ನು ನಮ್ಮ ಸಂಘಗಳು ಎಷ್ಟು ಬಳಸಿಕೊಳ್ಳುತ್ತವೆ ಎಂಬುದು ನಮಗೆ ಬಿಟ್ಟದ್ದು.

ಮ್ಯೂಸಿಯಂ ಎಂಬುದು ಕೊನೆಗೂ ಉಳಿಸಿಕೊಳ್ಳುವ ಯಂತ್ರ. ಅದರೊಳಗೆ ಹೋದದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಹೋಗದೆ ಉಳಿದದ್ದು ಇರಲೇ ಇಲ್ಲವೆಂದಾಗುತ್ತದೆ. ವಾಟ್ಸನ್ನನ ಸಂಪುಟಗಳಲ್ಲಿ ನೇಕಾರರ ಹೆಸರಿಲ್ಲದಿರುವುದಕ್ಕೆ ನಾವು ಸಾಮ್ರಾಜ್ಯವನ್ನು ಹೊಣೆಯಾಗಿಸುತ್ತೇವೆ, ಸರಿಯಾಗಿಯೇ. ನಾಳೆ ನಮ್ಮ ಫಲಕಗಳಲ್ಲಿ ಯಾರ ಹೆಸರಿಲ್ಲವೋ ಅದಕ್ಕೆ ಹೊಣೆ ಸಾಮ್ರಾಜ್ಯವಾಗಿರುವುದಿಲ್ಲ. ಲೇಖನಿ ಈ ಬಾರಿ ನಮ್ಮ ಕೈಯಲ್ಲೂ ಇದೆ.